ಊರ ಮೇಲೊಂದು ರಸ್ತೆಯೋ, ಹತ್ತು ನಿಮಿಷಕ್ಕೊಂದು ಬಸ್ಸೋ?

ಪ್ರಶ್ನೆ: ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನದೊಂದು ಅಂಗಡಿ ಇದೆ. ಮನೆ ವಿದ್ಯಾನಗರದ ಕಡೆ. ಬೆಳಿಗ್ಗೆ, ಸಂಜೆ ಪಿ.ಬಿ. ರಸ್ತೆಯಲ್ಲಿ ಗಾಡಿ ಓಡಿಸಿ ಸಾಕಾಗಿಹೋಗಿದೆ. ಊರ ಉದ್ದಕ್ಕೂ ಮೇಲೊಂದು ರಸ್ತೆ ಹಾಕಿಬಿಟ್ಟರೆ ಕಾಟ ಮುಗಿಯುತ್ತೆ ಅಂತ ನಾವು ಕೆಲವು ವ್ಯಾಪಾರಸ್ಥರು ಮಾತಾಡಿಕೊಳ್ಳುತ್ತಿರುತ್ತೇವೆ. ಕಾಲೇಜಿಗೆ ಹೋಗುವ ನನ್ನ ಮಗಳು ಮಾತ್ರ, 'ಅಷ್ಟು ದುಡ್ಡಿಗೆ ಊರು ತುಂಬ ಬಸ್ ಓಡಿಸಬಹುದಲ್ಲಪ್ಪಾ' ಅಂತಾಳೆ. ಇಬ್ಬರದ್ದೂ ಸರಿ ಅನ್ನಿಸುತ್ತೆ. ಇಂಥದ್ದನ್ನು ತೂಗಿ ನೋಡುವುದು ಹೇಗೆ? ಬಸ್ ಜಾಸ್ತಿ ಮಾಡಿದರೂ ಮನೆಯಲ್ಲಿ ಗಾಡಿ ಇರುವವರು ಹತ್ತುತ್ತಾರಾ?

ಉತ್ತರ: ನನ್ನ ಮತ ನಿಮ್ಮ ಮಗಳಿಗೆ. ಆದರೆ ಅವಳ ಲೆಕ್ಕ ಅರ್ಧಕ್ಕೆ ನಿಂತಿದೆ. ಬಸ್ ಕೊಳ್ಳುವುದು ಒಂದು ಸಲದ ಖರ್ಚು, ಓಡಿಸುವುದು ದಿನದಿನದ ಖರ್ಚು. ಸರ್ಕಾರಗಳು ಎಡವುವುದು ಆ ಎರಡನೇ ಖರ್ಚಿನಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಇದನ್ನು ಯೋಚಿಸಿ. ಬೆಳಿಗ್ಗೆ ಒಂಬತ್ತೂವರೆಗೆ ಪಿ.ಬಿ. ರಸ್ತೆಯಲ್ಲಿ ನಿಮ್ಮ ಹಿಂದೆ ಮುಂದೆ ಹಾರ್ನ್ ಹೊಡೆಯುತ್ತಿರುವವರೆಲ್ಲ ಎಲ್ಲಿಗೆ ಹೊರಟವರು? ಒಂದು ಕಾಲದಲ್ಲಿ ಪುಣೆ ಕಡೆಯಿಂದ ಬೆಂಗಳೂರಿಗೆ ಹೋಗುವ ಲಾರಿಗಳೆಲ್ಲ ಇದೇ ರಸ್ತೆಯಲ್ಲಿ ಊರೊಳಗೆ ನುಗ್ಗುತ್ತಿದ್ದವು. ಆಮೇಲೆ ಹೆದ್ದಾರಿಯನ್ನು ಊರ ಹೊರಗೆ ತೆಗೆದುಕೊಂಡು ಹೋದರು. ಈಗ ಅದು ರಾಷ್ಟ್ರೀಯ ಹೆದ್ದಾರಿ 48. ಊರಲ್ಲಿ ಕೆಲಸ ಇಲ್ಲದ ಗಾಡಿ ಬಹುತೇಕ ಅಲ್ಲೇ ಹೋಗುತ್ತೆ. ಆ ಬೈಪಾಸ್ ಒಳ್ಳೆಯ ಕೆಲಸ, ಅದರ ಬಗ್ಗೆ ನನ್ನ ತಕರಾರಿಲ್ಲ. ಉಳಿದವರು ಯಾರು? ಮಂಡಿಪೇಟೆಗೆ ಹೊರಟ ನೀವು. ಹರಿಹರದಿಂದ ಬಾಪೂಜಿ ಆಸ್ಪತ್ರೆಗೆ ತಾಯಿಯನ್ನು ಕರೆದುಕೊಂಡು ಬಂದವರು. ಎಪಿಎಂಸಿಗೆ ಮೆಕ್ಕೆಜೋಳ ತಂದ ರೈತರು. ತೋಳಹುಣಸೆಯ ವಿಶ್ವವಿದ್ಯಾಲಯಕ್ಕೆ ಹೊರಟ ಹುಡುಗರು. ಇವರಲ್ಲಿ ಯಾರಿಗೂ ದಾವಣಗೆರೆಯನ್ನು ದಾಟಿ ಹೋಗಬೇಕಾಗಿಲ್ಲ. ಎಲ್ಲರಿಗೂ ದಾವಣಗೆರೆಯೊಳಗೇ ಎಲ್ಲೋ ಇಳಿಯಬೇಕು. ಮೇಲಿನ ರಸ್ತೆ ಅನುಕೂಲ ಆಗುವುದು ಊರನ್ನು ದಾಟಿ ಹೋಗುವವರಿಗೆ. ಇಳಿಯುವವರಿಗೆ ಅದು ಅಷ್ಟಕ್ಕಷ್ಟೇ.

ಇಳಿಯುವ ಜಾಗವನ್ನೇ ಸ್ವಲ್ಪ ಹತ್ತಿರದಿಂದ ನೋಡೋಣ. ಕೆಳಗೆ ಲಾರಿ, ಬಸ್ ಹೋಗಬೇಕೆಂದರೆ ಐದೂವರೆ ಮೀಟರ್ ಎತ್ತರ ಬಿಡಬೇಕು. ಅದರ ಮೇಲೆ ತೊಲೆ, ಹಾಸು ಸೇರಿ ಇನ್ನೆರಡು ಮೀಟರ್ ಹಿಡಿಯುತ್ತೆ. ಅಂದರೆ ಮೇಲಿನ ರಸ್ತೆ ನೆಲದಿಂದ ಏಳೂವರೆ ಮೀಟರ್ ಮೇಲಿರುತ್ತೆ. ಅಲ್ಲಿಂದ ಇಳಿಸುವ ಇಳಿಜಾರನ್ನು ಸಾಮಾನ್ಯವಾಗಿ ಮೂವತ್ತಕ್ಕೆ ಒಂದರ ಲೆಕ್ಕದಲ್ಲಿ ಮಾಡುತ್ತಾರೆ. ಮೂವತ್ತು ಮೀಟರ್ ಮುಂದೆ ಹೋದರೆ ಒಂದು ಮೀಟರ್ ಕೆಳಗೆ. ಏಳೂವರೆಯನ್ನು ಮೂವತ್ತರಿಂದ ಗುಣಿಸಿ. 225 ಮೀಟರ್ ಉದ್ದದ ಗೋಡೆ, ಒಂದೊಂದು ಇಳಿಜಾರಿಗೆ. ಅಷ್ಟು ಉದ್ದಕ್ಕೂ ಈ ಕಡೆಯವರು ಆ ಕಡೆ ಹೋಗುವ ಹಾಗಿಲ್ಲ. ಗೋಡೆಯ ಎರಡೂ ಪಕ್ಕ ಉಳಿಯುವುದು ಒಂದೊಂದು ಸಪೂರ ರಸ್ತೆ. ಅದರಲ್ಲೇ ಆಟೋ, ಅದರಲ್ಲೇ ತಳ್ಳುಗಾಡಿ, ಅದರಲ್ಲೇ ನಿಮ್ಮ ಅಂಗಡಿಗೆ ಮಾಲು ಇಳಿಸುವ ಟೆಂಪೋ. ಗಾಂಧಿ ಸರ್ಕಲ್‌ನಲ್ಲೋ ಅರುಣಾ ಸರ್ಕಲ್‌ನಲ್ಲೋ ಇಂಥ ಒಂದು ಇಳಿಜಾರು ಬಂದರೆ ಯಾವ ಅಂಗಡಿ ಮುಂದೆ ಬರುತ್ತೆ ಅಂತ ನಿಮ್ಮ ಗುಂಪಿನಲ್ಲಿ ಒಮ್ಮೆ ಕೇಳಿ ನೋಡಿ. ಚರ್ಚೆಯ ಧಾಟಿಯೇ ಬದಲಾಗುತ್ತೆ. ಇಳಿಜಾರುಗಳನ್ನು ಕಡಿಮೆ ಮಾಡೋಣ ಅಂದರೆ ಮಧ್ಯದಲ್ಲಿ ಇಳಿಯಬೇಕಾದವರಿಗೆ ಆ ರಸ್ತೆಯಿಂದ ಉಪಯೋಗವೇ ಇಲ್ಲ. ಊರೊಳಗಿನ ಮೇಲ್ರಸ್ತೆಗೆ ಇರುವ ದೊಡ್ಡ ಇಕ್ಕಟ್ಟು ಇದು.

ಇನ್ನು ಉಳಿಯುವ ಸಮಯ. ನಾಲ್ಕು ಕಿ.ಮೀ. ಮೇಲ್ರಸ್ತೆ ಅಂತ ಇಟ್ಟುಕೊಳ್ಳಿ. ಕೆಳಗೆ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ 12 ನಿಮಿಷ. ಮೇಲೆ 40ರಲ್ಲಿ ಹೋದರೆ 6 ನಿಮಿಷ. ಈ ತುದಿಯಿಂದ ಆ ತುದಿಗೆ ಹೋದವರಿಗೆ ಆರು ನಿಮಿಷ ಮಿಕ್ಕಿತು. ಅರ್ಧದಲ್ಲಿ ಇಳಿದವರಿಗೆ ಮೂರು. ಮೇಲಿಂದ ಇಳಿದವರೆಲ್ಲ ಒಂದೇ ಸಿಗ್ನಲ್‌ಗೆ ಬಂದು ಬೀಳುತ್ತಾರೆ, ಅಲ್ಲಿ ಎರಡು ಸಲ ಕೆಂಪು ದೀಪ ಬಿದ್ದರೆ ಆ ಮೂರೂ ಹೋಯಿತು. ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ ಕಡೆ ಹೋಗಿಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದಿಷ್ಟೂ ಮೊದಲ ದಿನದ ಲೆಕ್ಕ. ಐದು ವರ್ಷ ಬಿಟ್ಟು ಏನಾಗುತ್ತೆ ಅನ್ನುವುದಕ್ಕೆ ಅಮೆರಿಕದ ಹ್ಯೂಸ್ಟನ್ ಊರಿನ ಕೇಟಿ ಹೆದ್ದಾರಿಯ ಕಥೆಯನ್ನು ನಮ್ಮ ಸಾರಿಗೆ ಕ್ಷೇತ್ರದವರು ಎಲ್ಲಿ ಹೋದರೂ ಹೇಳುತ್ತಾರೆ. 2008ರ ಹೊತ್ತಿಗೆ 280 ಕೋಟಿ ಡಾಲರ್ ಸುರಿದು ಅದನ್ನು ಅಗಲ ಮಾಡಿದರು. ಸರ್ವಿಸ್ ರಸ್ತೆಗಳೂ ಸೇರಿ ಕೆಲವು ಕಡೆ 26 ಲೇನ್. ಆದರೂ 2011ರಿಂದ 2014ರ ನಡುವೆ ಅಲ್ಲಿ ಬೆಳಗಿನ ಪ್ರಯಾಣದ ಸಮಯ ಶೇ 30ರಷ್ಟು, ಸಂಜೆಯದ್ದು ಶೇ 55ರಷ್ಟು ಏರಿತು. ರಸ್ತೆ ಅಗಲವಾದ ಕೂಡಲೇ ಮುಂಚೆ ಹೊರಡದಿದ್ದವರು ಹೊರಟರು, ದೂರದಲ್ಲಿ ಸೈಟು ಅಗ್ಗ ಅಂತ ಮನೆ ಕಟ್ಟಿದರು, ಅಲ್ಲಿಂದ ದಿನಾ ಕಾರಿನಲ್ಲಿ ಬಂದರು. ಜಿಲ್ ಡ್ಯುರಾಂಟನ್, ಮ್ಯಾಥ್ಯೂ ಟರ್ನರ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಅಮೆರಿಕದ ನಗರಗಳ ಅಂಕಿಅಂಶ ಹಿಡಿದು 2011ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ನಗರದೊಳಗಿನ ಹೆದ್ದಾರಿ ಎಷ್ಟು ಪಾಲು ಹೆಚ್ಚುತ್ತೋ ವಾಹನ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತೆ ಅನ್ನುವುದು ಅವರ ತೀರ್ಮಾನ.

ಬಸ್ ಪರ ಮಾತಾಡುವವರು ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸುತ್ತಾರೆ. ಅದೇ ಅಧ್ಯಯನದ ಮುಂದಿನ ಮಾತನ್ನು ಸುಮ್ನೆ ನುಂಗಿಬಿಡುತ್ತಾರೆ. ಬಸ್ಸು, ರೈಲು ಹೆಚ್ಚಿಸಿದರೂ ವಾಹನ ಓಡಾಟ ಇಳಿದದ್ದು ಅವರಿಗೆ ಕಾಣಲಿಲ್ಲ. ಒಬ್ಬ ಬಸ್ ಹತ್ತಿ ಜಾಗ ಬಿಟ್ಟುಕೊಟ್ಟರೆ ಆ ಜಾಗಕ್ಕೆ ಇನ್ನೊಬ್ಬ ಬರುತ್ತಾನೆ. ಹಾಗಾಗಿ ಬಸ್ ಬಂದರೆ ಪಿ.ಬಿ. ರಸ್ತೆ ಖಾಲಿಯಾಗುತ್ತೆ ಅಂತ ನಾನು ಮಾತು ಕೊಡುವುದಿಲ್ಲ. ಯಾರಾದರೂ ಕೊಟ್ಟರೆ ನಂಬಬೇಡಿ. ಬಸ್ಸಿನಿಂದ ಸಿಗುವ ಲಾಭ ಬೇರೆ. ಅಷ್ಟೇ ರಸ್ತೆಯಲ್ಲಿ ಹೆಚ್ಚು ಜನ ಹೋಗುತ್ತಾರೆ. ಗಾಡಿ ಇಲ್ಲದವರು, ಓಡಿಸಲು ಬಾರದವರು, ವಯಸ್ಸಾದವರು ಯಾರನ್ನೂ ಕಾಯದೆ ಮನೆಯಿಂದ ಹೊರಡುತ್ತಾರೆ. ರಸ್ತೆ ತುಂಬಿದ್ದರೂ ಅವರಿಗೆ ಒಂದು ದಾರಿ ಇರುತ್ತೆ.

ಹೆಚ್ಚು ಜನ ಅಂದೆನಲ್ಲ, ಎಷ್ಟು? ನಮ್ಮ ಕೆಲಸದಲ್ಲಿ ಎಲ್ಲ ಗಾಡಿಗಳನ್ನೂ ಕಾರಿನ ಲೆಕ್ಕಕ್ಕೆ ಇಳಿಸುತ್ತೇವೆ. ಒಂದು ಬಸ್ ಸುಮಾರು ಮೂರು ಕಾರಿನ ಜಾಗ ತಿನ್ನುತ್ತೆ, ಒಂದು ಬೈಕು ಅರ್ಧ ಕಾರಿನಷ್ಟು. ನಲವತ್ತು ಜನ ಕೂತ ಬಸ್ಸಿಗೆ ಮೂರು ಕಾರಿನ ಜಾಗ ಸಾಕು. ಅದೇ ನಲವತ್ತು ಜನ ಒಬ್ಬೊಬ್ಬರೇ ಸ್ಕೂಟರ್ ತಂದರೆ ಇಪ್ಪತ್ತು ಕಾರಿನ ಜಾಗ ಬೇಕು. ಜೊತೆಗೆ ಊರೊಳಗೆ ಬಂದು ನಿಲ್ಲಿಸಬೇಕು. ದಾವಣಗೆರೆಯಲ್ಲಿ ರಸ್ತೆಯನ್ನು ತಿಂದಿರುವುದು ಓಡುವ ಗಾಡಿಗಿಂತ ನಿಂತ ಗಾಡಿ ಅನ್ನುವುದು ನನ್ನ ಅಭಿಪ್ರಾಯ. ಬೆಣ್ಣೆದೋಸೆ ಹೋಟೆಲ್ ಮುಂದೆ ಬೆಳಿಗ್ಗೆ ಎಂಟಕ್ಕೆ ಒಮ್ಮೆ ನಿಂತು ನೋಡಿ. ದೋಸೆ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ, ಅಷ್ಟು ಧೈರ್ಯ ನನಗಿಲ್ಲ.

ಈಗ ದುಡ್ಡಿಗೆ ಬರೋಣ. ಇಲ್ಲಿ ಕೊಡುವ ಅಂಕಿಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡವು, ಯಾವ ಯೋಜನೆಯದ್ದೂ ಅಲ್ಲ. ನೀವು ಬೇರೆ ಅಂಕಿ ಹಾಕಿ ಮಾಡಬಹುದು, ಮಾಡುವ ರೀತಿ ಇದೇ. ಮೇಲ್ರಸ್ತೆಗೆ ಕಿ.ಮೀ.ಗೆ 100 ಕೋಟಿ ರೂಪಾಯಿಯಂತೆ ನಾಲ್ಕು ಕಿ.ಮೀ.ಗೆ 400 ಕೋಟಿ ಅನ್ನೋಣ. ಇಷ್ಟು ಜಾಸ್ತಿ ಆಗುತ್ತಾ ಅಂತ ಅನುಮಾನ ಬಂದರೆ ಬೆಂಗಳೂರಿನ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗಿನ ಉಕ್ಕಿನ ಮೇಲ್ಸೇತುವೆ ಯೋಜನೆ ನೆನಪಿಸಿಕೊಳ್ಳಿ. 6.7 ಕಿ.ಮೀ.ಗೆ 1,791 ಕೋಟಿ. 2016ರ ಅಕ್ಟೋಬರಿನಲ್ಲಿ ಜನ ಕೈಕೈ ಹಿಡಿದು ಸಾಲಾಗಿ ನಿಂತರು, 2017ರ ಮಾರ್ಚಿನಲ್ಲಿ ಸರ್ಕಾರ ಕೈಬಿಟ್ಟಿತು. ಕಾಂಕ್ರೀಟಿನದ್ದು ಅದಕ್ಕಿಂತ ಎಷ್ಟೋ ಅಗ್ಗ, ಅದಕ್ಕೇ ನಾನು 100 ಕೋಟಿಗೆ ಇಳಿಸಿದ್ದು.

ಅಂಗಡಿ ನಡೆಸುವವರಿಗೆ ಬಡ್ಡಿ ಲೆಕ್ಕ ನಾನು ಹೇಳಿಕೊಡಬೇಕಿಲ್ಲ. 400 ಕೋಟಿಗೆ ಶೇ 8ರಂತೆ ವರ್ಷಕ್ಕೆ 32 ಕೋಟಿ ಬಡ್ಡಿ. ಅಸಲು ಬೇರೆ, ನಿರ್ವಹಣೆ ಬೇರೆ.

ಬಸ್ಸಿನ ಕಡೆ ನೋಡಿ. ಹನ್ನೆರಡು ಕಿ.ಮೀ. ಉದ್ದದ ಒಂದು ಮಾರ್ಗ. ಹೋಗಿ, ಬಂದು, ತುದಿಯಲ್ಲಿ ಚಾಲಕರು ಟೀ ಕುಡಿದು ಮತ್ತೆ ಹೊರಡುವ ಹೊತ್ತಿಗೆ ಸುಮಾರು 100 ನಿಮಿಷ. ಹತ್ತು ನಿಮಿಷಕ್ಕೊಂದು ಬಸ್ ಬೇಕಾದರೆ ಆ ಮಾರ್ಗಕ್ಕೆ ಹತ್ತು ಬಸ್ ಬೇಕು. ಐದೇ ಕೊಟ್ಟರೆ ಇಪ್ಪತ್ತು ನಿಮಿಷಕ್ಕೊಂದು. ನೂರು ಬಸ್ ಕೊಂಡರೆ ಹತ್ತು ಡಿಪೋದಲ್ಲಿ ರಿಪೇರಿಗೆ ಅಂತ ಬಿಡಿ, ತೊಂಬತ್ತು ರಸ್ತೆಗೆ ಬರುತ್ತವೆ. ಅಂದರೆ ಒಂಬತ್ತು ಮಾರ್ಗಗಳಲ್ಲಿ ಹತ್ತು ನಿಮಿಷಕ್ಕೊಂದು ಬಸ್. ಹರಿಹರ, ಶಾಮನೂರು, ನಿಟುವಳ್ಳಿ, ಆವರಗೆರೆ, ಹದಡಿ ರಸ್ತೆ, ತೋಳಹುಣಸೆ, ಜಗಳೂರು ರಸ್ತೆ ಎಲ್ಲ ಇದರಲ್ಲಿ ಬಂದುಬಿಡುತ್ತವೆ. ಒಂದು ಬಸ್ ದಿನಕ್ಕೆ ಎಂಟು ಸುತ್ತು ಹೊಡೆದರೆ 190 ಕಿ.ಮೀ. ತೊಂಬತ್ತು ಬಸ್, 365 ದಿನ. ಸುಮಾರು 62 ಲಕ್ಷ ಕಿ.ಮೀ. ಸಂಬಳ, ಡೀಸೆಲ್, ಟೈರು ಎಲ್ಲ ಸೇರಿ ಕಿ.ಮೀ.ಗೆ 60 ರೂಪಾಯಿ ಹಿಡಿದರೆ ವರ್ಷಕ್ಕೆ 37 ಕೋಟಿ. ಇದರಲ್ಲಿ ಟಿಕೆಟ್ಟಿನಿಂದ ಅರ್ಧ ಬಂತು ಅಂದರೆ ಸರ್ಕಾರ ತುಂಬಬೇಕಾದದ್ದು ಹದಿನೆಂಟು ಹತ್ತೊಂಬತ್ತು ಕೋಟಿ. ನೂರು ಬಸ್ಸಿನ ಬೆಲೆ, ಒಂದಕ್ಕೆ 45 ಲಕ್ಷ ಅಂದರೆ, 45 ಕೋಟಿ. ಅದನ್ನು ಹತ್ತು ಹನ್ನೆರಡು ವರ್ಷಕ್ಕೆ ಹಂಚಿ ಹಾಕಿದರೂ ಒಟ್ಟು ವರ್ಷದ ಹೊರೆ ಮೇಲ್ರಸ್ತೆಯ ಬರೀ ಬಡ್ಡಿಗಿಂತ ಕಡಿಮೆ.

ಲೆಕ್ಕ ಇಷ್ಟು ಸ್ಪಷ್ಟ ಇದ್ದರೂ ಊರುಗಳು ಯಾಕೆ ಸೇತುವೆಯನ್ನೇ ಕೇಳುತ್ತವೆ? ಸೇತುವೆಗೆ ಒಂದು ಸಲ ಮಂಜೂರಾತಿ ಸಿಕ್ಕರೆ ಆಯಿತು. ಉದ್ಘಾಟನೆ ಇದೆ, ಕಲ್ಲಿನ ಮೇಲೆ ಹೆಸರಿದೆ. ಬಸ್ಸಿಗೆ ಪ್ರತಿ ವರ್ಷ ಬಜೆಟ್ ಹೊತ್ತಿಗೆ ಕೈ ಒಡ್ಡಬೇಕು. 2009ರ ಸುಮಾರಿಗೆ ನಗರ ನವೀಕರಣದ ಜೆನರ್ಮ್ ಯೋಜನೆಯಲ್ಲಿ ಕೇಂದ್ರ ಸರ್ಕಾರ ನಗರಗಳಿಗೆ ಸಾವಿರಾರು ಬಸ್ ಕೊಡಿಸಿತು. ಓಡಿಸುವ ಖರ್ಚಿಗೆ ದಾರಿ ಮಾಡಿಕೊಡಲಿಲ್ಲ. ದೇಶದ ಹಲವು ಊರುಗಳಲ್ಲಿ ಅವು ಡಿಪೋದಲ್ಲೇ ತುಕ್ಕು ಹಿಡಿದವು. 2023ರ ಆಗಸ್ಟಿನಲ್ಲಿ ಬಂದ ಪಿಎಂ-ಇ-ಬಸ್ ಸೇವಾ ಯೋಜನೆಯಲ್ಲಿ ಈ ಪಾಠ ಸ್ವಲ್ಪ ಕಾಣುತ್ತೆ. ಹತ್ತು ಸಾವಿರ ಎಲೆಕ್ಟ್ರಿಕ್ ಬಸ್, ಹತ್ತು ವರ್ಷ ಓಡಿಸುವ ಖರ್ಚಿಗೆ ನೆರವು. 2011ರ ಜನಗಣತಿಯಲ್ಲಿ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆ ಇದ್ದ ನಗರಗಳಿಗೆ ಅಂತ ಮಾಡಿದ್ದು. ದಾವಣಗೆರೆಯಲ್ಲಿ ಆಗಲೇ 4.35 ಲಕ್ಷ ಜನ ಇದ್ದರು.

ಇನ್ನು ನಿಮ್ಮ ಎರಡನೇ ಪ್ರಶ್ನೆ. ಗಾಡಿ ಇರುವವರು ಬಸ್ ಹತ್ತುತ್ತಾರಾ? ಈ ಪ್ರಶ್ನೆಯನ್ನು ಬಸ್ ಪರ ಇರುವವರು ಹಗುರವಾಗಿ ತಗೊಳ್ಳುತ್ತಾರೆ, ಆದರೆ ಅಸಲಿ ಕಷ್ಟ ಇಲ್ಲೇ ಇದೆ. ಹೊರದೇಶದ ಪುಸ್ತಕಗಳಲ್ಲಿ ಬಸ್ಸಿಗೆ ಎದುರಾಳಿ ಕಾರು. ನಮ್ಮಂಥ ಊರುಗಳಲ್ಲಿ ಎದುರಾಳಿ ಸ್ಕೂಟರ್. ಲೀಟರಿಗೆ 50 ಕಿ.ಮೀ. ಕೊಡುವ ಗಾಡಿಗೆ ಈಗಿನ ಪೆಟ್ರೋಲ್ ದರದಲ್ಲಿ ಕಿ.ಮೀ.ಗೆ ಎರಡು ರೂಪಾಯಿ ಚಿಲ್ಲರೆ. ನಿಮ್ಮ ಮನೆಯಿಂದ ಅಂಗಡಿಗೆ ಹೆಚ್ಚೆಂದರೆ ಹತ್ತು ರೂಪಾಯಿ. ಹಿಂದೆ ಹೆಂಡತಿಯೋ ಮಗಳೋ ಕೂತರೆ ಅದೇ ಹತ್ತರಲ್ಲಿ ಇಬ್ಬರು. ಮನೆ ಬಾಗಿಲಲ್ಲಿ ಹತ್ತಿ ಅಂಗಡಿ ಬಾಗಿಲಲ್ಲಿ ಇಳಿಯುತ್ತೀರಿ. ಇದನ್ನು ಟಿಕೆಟ್ ದರದಲ್ಲಿ ಸೋಲಿಸಲು ಯಾವ ಬಸ್ಸಿಗೂ ಆಗುವುದಿಲ್ಲ. ಹೆಂಗಸರ ವಿಷಯ ಬೇರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಖಾಸಗಿ ಸಿಟಿ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ಎಷ್ಟು ಬಸ್ ಅನ್ನುವುದರ ಜೊತೆಗೆ ಯಾರ ಬಸ್ ಅನ್ನುವುದೂ ಲೆಕ್ಕಕ್ಕೆ ಬರುತ್ತೆ. ಸರ್ಕಾರ ಆ ಟಿಕೆಟ್ಟಿನ ಬಾಬ್ತು ನಿಗಮಕ್ಕೆ ಕೊಡಬೇಕಾದ ಹಣವನ್ನು ನಾನು ಮೇಲೆ ಟಿಕೆಟ್ ಆದಾಯದಲ್ಲೇ ಸೇರಿಸಿದ್ದೇನೆ. ಅದು ಸಮಯಕ್ಕೆ ಬರದಿದ್ದರೆ ನನ್ನ ಅರ್ಧಕ್ಕರ್ಧದ ಲೆಕ್ಕ ಬುಡಮೇಲು.

ಗಂಡಸರನ್ನು ಬಸ್ಸಿಗೆ ತರುವುದು ದರಕ್ಕಿಂತ ಹೆಚ್ಚಾಗಿ ಕಾಯುವ ಸಮಯ. ಪ್ರಯಾಣಿಕರಿಗೆ ಬಸ್ಸಿನೊಳಗೆ ಕಳೆದ ಒಂದು ನಿಮಿಷಕ್ಕಿಂತ ನಿಲ್ದಾಣದಲ್ಲಿ ನಿಂತ ಒಂದು ನಿಮಿಷ ಎರಡರಷ್ಟು ಉದ್ದ ಅನ್ನಿಸುತ್ತೆ ಅಂತಲೇ ನಾವು ಲೆಕ್ಕ ಹಾಕುವುದು. ಬಿಸಿಲಲ್ಲಿ ನೆರಳಿಲ್ಲದ ಕಡೆ ನಿಂತರೆ ಇನ್ನೂ ಜಾಸ್ತಿ. ಅರ್ಧ ಗಂಟೆಗೊಂದು ಬಸ್ ಇದ್ದರೆ ಜನ ವೇಳೆ ನೋಡಿಕೊಂಡು ಹೊರಡಬೇಕು, ತಪ್ಪಿದರೆ ಮುಗೀತು. ಹತ್ತು ನಿಮಿಷಕ್ಕೊಂದು ಇದ್ದರೆ ವೇಳಾಪಟ್ಟಿಯೇ ಬೇಡ, ಸುಮ್ನೆ ಹೋಗಿ ನಿಲ್ಲುತ್ತಾರೆ. ಬಸ್ಸಿಗೂ ಬಸ್ಸಿಗೂ ನಡುವೆ ಅಂತರ ಜಾಸ್ತಿ ಇರುವ ಕಡೆಗಳಲ್ಲೇ ಶೇರ್ ಆಟೋಗಳು ಹುಟ್ಟಿಕೊಳ್ಳುತ್ತವೆ, ಅಲ್ವಾ? ಜನ ಬಸ್ ಹತ್ತುವುದಿಲ್ಲ ಅನ್ನುವವರು ಮೂವರ ಸೀಟಿನಲ್ಲಿ ಆರು ಜನ ಕೂತ ಆಟೋ ನೋಡಬೇಕು. ಅವರೆಲ್ಲ ಬಸ್ಸಿಗೆ ಕಾಯಲಾಗದೆ ಹತ್ತಿದವರು.

ನೀವು ಸ್ಕೂಟರ್ ಬಿಡದೇ ಇರಬಹುದು. ಅಂಗಡಿಯಿಂದ ಬ್ಯಾಂಕಿಗೆ, ಬ್ಯಾಂಕಿನಿಂದ ಗೋದಾಮಿಗೆ ಓಡಾಡುವವರಿಗೆ ಅದೇ ಸರಿ. ಆದರೆ ನಿಮ್ಮ ಮಗಳಿಗೆ ಎರಡನೇ ಸ್ಕೂಟರ್ ಕೊಡಿಸಬೇಕಾ ಬೇಡವಾ ಅನ್ನುವ ತೀರ್ಮಾನ ಮುಂದಿನ ವರ್ಷ ನಿಮ್ಮ ಮುಂದೆ ಬರುತ್ತೆ. ಬಸ್ಸಿನ ಪರಿಣಾಮವನ್ನು ಅಳೆಯಬೇಕಾದ್ದು ಅಲ್ಲಿ. ಇರುವ ಗಾಡಿಯನ್ನು ಯಾರೂ ಮಾರುವುದಿಲ್ಲ, ಹೊಸದನ್ನು ಕೊಳ್ಳುವುದನ್ನು ಮುಂದೂಡುತ್ತಾರೆ. ಇದರಲ್ಲಿ ದುಡ್ಡಿನ ಜೊತೆಗೆ ಇನ್ನೊಂದು ಮಾತೂ ಇದೆ. 2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತದಲ್ಲಿ 1.68 ಲಕ್ಷ ಜನ ಸತ್ತರು. ಅವರಲ್ಲಿ ಶೇ 44ಕ್ಕಿಂತ ಹೆಚ್ಚು ಜನ ದ್ವಿಚಕ್ರ ವಾಹನದಲ್ಲಿದ್ದವರು.

ಬಸ್ ಅಂದ ಕೂಡಲೇ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ನೆನಪಾಗುತ್ತೆ. ನಮಗೂ ಅಲ್ಲಿನಂಥ 'ಚಿಗರಿ' ಬಸ್ಸು ಬೇಕಾ? ನನ್ನ ಪ್ರಕಾರ ಈಗ ಬೇಡ. ಅಲ್ಲಿ ಎರಡು ದೊಡ್ಡ ಊರುಗಳ ನಡುವೆ 22 ಕಿ.ಮೀ. ಉದ್ದಕ್ಕೆ ಬಸ್ಸಿಗೇ ಪ್ರತ್ಯೇಕ ದಾರಿ ಮಾಡಿದರು, 2018ರಲ್ಲಿ ಬಸ್ ಓಡತೊಡಗಿದವು. ಬಸ್ಸಿನೊಳಗೆ ಕೂತವರು ಬೇಗ ಹೋಗುತ್ತಾರೆ, ಅದು ನಿಜ. ಪಕ್ಕದ ಲೇನ್‌ನಲ್ಲಿ ಸಿಕ್ಕಿಕೊಂಡವರ ಸಿಟ್ಟು, ರಸ್ತೆ ಮಧ್ಯದ ನಿಲ್ದಾಣಕ್ಕೆ ದಾಟುವ ಕಷ್ಟ, ಇವೂ ನಿಜ. ದೆಹಲಿಯ ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗಿನ ಬಸ್ ದಾರಿ 2008ರಲ್ಲಿ ಶುರುವಾಗಿತ್ತು. ಕಾರಿನವರ ಕೂಗಿಗೆ ಕೆಲವೇ ವರ್ಷಗಳಲ್ಲಿ ಅದನ್ನು ಕಿತ್ತುಹಾಕಿದರು. ಗಂಟೆಗೆ ನಲವತ್ತು ಐವತ್ತು ಬಸ್ ಹೋಗದ ರಸ್ತೆಯಲ್ಲಿ ಬಸ್ಸಿಗೆ ಅಂತಲೇ ಒಂದು ಲೇನ್ ಖಾಲಿ ಬಿಟ್ಟರೆ ಜನ ಸುಮ್ಮನಿರುವುದಿಲ್ಲ, ಇರಬೇಕಾಗೂ ಇಲ್ಲ. ದಾವಣಗೆರೆಗೆ ಮೊದಲು ಬೇಕಾದದ್ದು ಬಸ್ ಸಂಖ್ಯೆ. ಜೊತೆಗೆ ನೆರಳಿರುವ ನಿಲ್ದಾಣ, ನಿಲ್ದಾಣದವರೆಗೆ ನಡೆಯಲು ಪಾದಚಾರಿ ದಾರಿ, ನಿಲ್ದಾಣದ ಮುಂದೆ ಗಾಡಿ ನಿಲ್ಲಿಸದಂತೆ ನೋಡಿಕೊಳ್ಳುವ ಒಬ್ಬ ಪೊಲೀಸ್. ಹರಿಹರದ ದಾರಿ ಮಾತ್ರ ಬೇರೆ. ಹದಿನಾಲ್ಕು ಕಿ.ಮೀ. ಅಂತರದ ಎರಡು ಊರಿಗೂ ಸೇರಿ ಒಂದೇ ನಗರಾಭಿವೃದ್ಧಿ ಪ್ರಾಧಿಕಾರ ಇದೆ, ನಮ್ಮ ದೂಡಾ. ದೊಡ್ಡಬಾತಿ ಆಚೀಚೆ ಬಡಾವಣೆ ತುಂಬುತ್ತ ಹೋದಂತೆ ಅಲ್ಲಿ ಮುಂದೊಂದು ದಿನ ಬಸ್ಸಿಗೆ ಪ್ರತ್ಯೇಕ ಜಾಗ ಬೇಕಾಗಬಹುದು. ಆ ಜಾಗವನ್ನು ಈಗಲೇ ನಕ್ಷೆಯಲ್ಲಿ ಬಿಟ್ಟುಕೊಂಡರೆ ಆಮೇಲೆ ಭೂಸ್ವಾಧೀನದ ರಗಳೆ ಇರುವುದಿಲ್ಲ.

ರಸ್ತೆ ಕೆಲಸವೇ ಬೇಡ ಅಂತ ನನ್ನನ್ನು ಅರ್ಥ ಮಾಡಿಕೊಳ್ಳಬೇಡಿ. ಅಶೋಕ ರಸ್ತೆಯ ರೈಲ್ವೆ ಗೇಟಿನ ಮುಂದೆ ನಿಂತು ಬೆವರಿದವರನ್ನು ಕೇಳಿ. ರೈಲು ಹಳಿ ಊರನ್ನು ಎರಡು ಭಾಗ ಮಾಡಿರುವ ಕಡೆ ಕೆಳಸೇತುವೆ, ಮೇಲ್ಸೇತುವೆಗೆ ಹಾಕಿದ ದುಡ್ಡು ಬಸ್ಸಿಗೂ ಆಂಬುಲೆನ್ಸಿಗೂ ಸೈಕಲ್ಲಿಗೂ ಒಟ್ಟಿಗೇ ಉಪಯೋಗಕ್ಕೆ ಬರುತ್ತೆ. ಹಳಿ ದಾಟಿಸುವ ಸೇತುವೆಗೂ ಊರ ಉದ್ದಕ್ಕೂ ಹೋಗುವ ಮೇಲ್ರಸ್ತೆಗೂ ಕಂಬಗಳಷ್ಟೇ ಹೋಲಿಕೆ.

ಬೇರೆ ಊರಿನವರು ಹೆದ್ದಾರಿ ಬಿಟ್ಟು ಬಸ್ಸು, ರೈಲು ಹಿಡಿದದ್ದು ಹೇಗೆ ಅನ್ನುವುದರಲ್ಲಿ ನಮಗೆ ಬೇಕಾದ ಒಂದು ಎಳೆ ಇದೆ. ಅಮೆರಿಕದ ಬೋಸ್ಟನ್‌ನಲ್ಲಿ 1970ರಲ್ಲಿ ಗವರ್ನರ್ ಫ್ರಾನ್ಸಿಸ್ ಸಾರ್ಜೆಂಟ್ ನಗರದೊಳಗಿನ ಹೊಸ ಹೆದ್ದಾರಿ ಕೆಲಸಗಳನ್ನು ತಡೆಹಿಡಿದರು. 1973ರಲ್ಲಿ ಅಮೆರಿಕದ ಕೇಂದ್ರ ಕಾನೂನು ಬದಲಾಯಿತು. ಒಂದು ನಗರ ತನಗೆ ಮಂಜೂರಾದ ಹೆದ್ದಾರಿಯನ್ನು ಬಿಟ್ಟುಕೊಟ್ಟರೆ ಅಷ್ಟು ನೆರವನ್ನು ರೈಲಿಗೋ ಬಸ್ಸಿಗೋ ಪಡೆಯಬಹುದಾಯಿತು. ಹೆದ್ದಾರಿಗೆ ಅಂತ ಮನೆ ಕೆಡವಿ ಖಾಲಿ ಮಾಡಿದ್ದ ಜಾಗದಲ್ಲೇ ಬೋಸ್ಟನ್ ರೈಲು ತಂದಿತು, 1987ರಲ್ಲಿ ಅದು ಓಡಿತು. ಪೋರ್ಟ್‌ಲ್ಯಾಂಡ್ ಕೂಡ ಮೌಂಟ್ ಹುಡ್ ಹೆದ್ದಾರಿ ಕೈಬಿಟ್ಟು ಇದೇ ದಾರಿ ಹಿಡಿಯಿತು, ಅದರ ಲಘು ರೈಲು 1986ರಲ್ಲಿ ಶುರುವಾಯಿತು. ದಕ್ಷಿಣ ಕೊರಿಯಾದ ಸೋಲ್ ನಗರ ಇನ್ನೂ ಮುಂದೆ ಹೋಯಿತು. ಚೊಂಗ್ಯೆಚೊನ್ ತೊರೆಯ ಮೇಲಿದ್ದ ಮೇಲ್ರಸ್ತೆಯನ್ನು 2003ರಿಂದ ಕೆಡವತೊಡಗಿದರು. 2004ರ ಜುಲೈಯಲ್ಲಿ ನಗರದ ಬಸ್ ವ್ಯವಸ್ಥೆಯನ್ನೇ ಹೊಸದಾಗಿ ಜೋಡಿಸಿದರು. ಮೇಲ್ರಸ್ತೆ ತೆಗೆದದ್ದರ ಚಿತ್ರ ಎಲ್ಲರೂ ತೋರಿಸುತ್ತಾರೆ. ಬಸ್ ಮಾರ್ಗಗಳನ್ನು ಅದೇ ಹೊತ್ತಿಗೆ ಸರಿಪಡಿಸಿದ್ದನ್ನು ಹೇಳುವವರು ಕಡಿಮೆ. ಅದಿಲ್ಲದೆ ಇದು ನಡೆಯುತ್ತಿರಲಿಲ್ಲ ಅನ್ನುವುದು ನನ್ನ ಅನಿಸಿಕೆ.

ನಮ್ಮಲ್ಲಿ ಹೆದ್ದಾರಿಯ ದುಡ್ಡು ಒಂದು ಹುಂಡಿಯಲ್ಲಿ, ಬಸ್ಸಿನ ದುಡ್ಡು ಇನ್ನೊಂದರಲ್ಲಿ. ಇದನ್ನು ಬಿಟ್ಟು ಅದನ್ನು ಕೊಡಿ ಅಂತ ಊರು ಕೇಳಲು ಅಮೆರಿಕದಲ್ಲಿದ್ದಂಥ ಸಲೀಸು ದಾರಿ ಇಲ್ಲ. ಅಂದರೆ ಮೇಲ್ರಸ್ತೆ ಬೇಡ ಅಂದ ಮಾತ್ರಕ್ಕೆ 400 ಕೋಟಿ ನಿಮ್ಮ ಮಗಳ ಬಸ್ಸಿಗೆ ಬರುವುದಿಲ್ಲ. ಅವಳಿಗೆ ಇದನ್ನು ಹೇಳಿ, ಬೇಜಾರಾದರೂ ಪರವಾಗಿಲ್ಲ. ರಾಜ್ಯ ಸರ್ಕಾರದ, ಪಾಲಿಕೆಯ ಕೈಯಲ್ಲಿರುವ ಹಣದ ಮಾತು ಬೇರೆ. ಅಲ್ಲಿ ಒತ್ತಾಯ ಹಾಕಬಹುದು.

ಹಾಕುವುದು ಹೇಗೆ? 2017ರ ಮೆಟ್ರೊ ನೀತಿಯಲ್ಲಿ ಕೇಂದ್ರ ಸರ್ಕಾರ ಒಂದು ಒಳ್ಳೆಯ ಷರತ್ತು ಹಾಕಿದೆ. ಮೆಟ್ರೊ ಕೇಳುವ ಊರು ಮೊದಲು ಬಸ್ ದಾರಿ, ಟ್ರಾಮ್, ಲಘು ರೈಲು ಎಲ್ಲವನ್ನೂ ಹೋಲಿಸಿ, ಮೆಟ್ರೊನೇ ಯಾಕೆ ಅಂತ ತೋರಿಸಬೇಕು. ಊರೊಳಗಿನ ಮೇಲ್ರಸ್ತೆ ಕೇಳುವವರನ್ನೂ ಇದನ್ನೇ ಕೇಳಿ. ಯೋಜನಾ ವರದಿ ಬಂದ ದಿನ ಮಾಹಿತಿ ಹಕ್ಕಿನಲ್ಲಿ ಹತ್ತು ರೂಪಾಯಿಯ ಅರ್ಜಿ ಹಾಕಿ ಅದರ ಪ್ರತಿ ತರಿಸಿ. ಪರ್ಯಾಯಗಳನ್ನು ಹೋಲಿಸಿದ ಅಧ್ಯಾಯ ಇದೆಯಾ ಅಂತ ಮೊದಲು ನೋಡಿ. ಸಂಚಾರ ಸಮೀಕ್ಷೆಯಲ್ಲಿ ಊರು ದಾಟುವವರೆಷ್ಟು, ಊರೊಳಗೆ ಇಳಿಯುವವರೆಷ್ಟು ಅಂತ ಬೇರೆ ಮಾಡಿದ್ದಾರಾ ನೋಡಿ. ಗಾಡಿ ಎಣಿಸಿದ್ದಾರೋ, ಜನರನ್ನು ಎಣಿಸಿದ್ದಾರೋ? ಬರೀ ಗಾಡಿ ಎಣಿಸಿದ್ದರೆ ಆ ವರದಿಯಲ್ಲಿ ನಲವತ್ತು ಜನರ ಬಸ್ಸಿಗೂ ಒಬ್ಬರ ಕಾರಿಗೂ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ನೂರು ಬಸ್ಸಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ನಿಮ್ಮ ವ್ಯಾಪಾರಸ್ಥರ ಗುಂಪಿನಿಂದಲೇ ಪಾಲಿಕೆಗೆ ಕೊಡಿ. ಅಂಗಡಿಯವರು ಬಸ್ ಕೇಳಿಕೊಂಡು ಬಂದರೆ ಅಲ್ಲಿನವರು ಹುಬ್ಬೇರಿಸಿಯಾದರೂ ಓದುತ್ತಾರೆ.